ಮೀಲಾದ್ ವೇದಿಕೆಗೆ ಆ ಮಕ್ಕಳೂ ಬರಲಿ

ರಬೀವುಲ್ ಅವ್ವಲ್ ಸಮೀಪಿಸಿದರೆ ಸಾಕು, ನಮ್ಮ ಮದ್ರಸಗಳಲ್ಲಿ ಮಕ್ಕಳಿಗೆ ಸಡಗರ. ದಫ್, ಹಾಡು, ಭಾಷಣ, ಕ್ವಿಝ್, ರ‍್ಯಾಲಿ ಅಂತ ಜಮಾಅತಿನ ಯುವಕರಿಗೂ ಪುರುಸೊತ್ತಿಲ್ಲ. ಆದರೆ ಹೆಸರು ಬರೆಯುವಾಗ ನಡೆಯಲಾಗದ, ಕಿವಿ ಕೇಳದ, ಆಗಾಗ ಫಿಟ್ಸ್ ಬರುವ ಮಗುವಿನ ಹೆಸರು ಎಷ್ಟೋ ಕಡೆ ಬಿಟ್ಟುಹೋಗುತ್ತದೆ. "ಪಾಪ, ಅವನಿಗೆ ಆಗ್ಲಿಕ್ಕಿಲ್ಲ" ಅಂತ ದೊಡ್ಡವರೇ ತೀರ್ಮಾನಿಸಿರುತ್ತಾರೆ. ಮಗುವನ್ನು ಕೇಳಿದವರಿಲ್ಲ.

ಯಾರ ಜನ್ಮದಿನದ ಸಂತೋಷಕ್ಕೆ ಈ ವೇದಿಕೆ ಕಟ್ಟುತ್ತೇವೋ ಆ ಪ್ರವಾದಿಯವರ (ಸ) ಚರ್ಯೆ ನೋಡೋಣ. ಅಬ್ದುಲ್ಲಾಹಿಬ್ನ್ ಉಮ್ಮು ಮಕ್ತೂಮ್ (ರ) ಕಣ್ಣು ಕಾಣದ ಸಹಾಬಿ. ಕಲಿಯಲೆಂದು ಬಂದ ಅವರ ವಿಷಯದಲ್ಲೇ ಪವಿತ್ರ ಕುರ್‌ಆನಿನ 80ನೇ ಅಧ್ಯಾಯ 'ಅಬಸ'ದ ಆರಂಭದ ವಚನಗಳು ಅವತೀರ್ಣವಾದವು. ಬಿಲಾಲ್‌ರಂತೆ (ರ) ಅವರೂ ಮದೀನಾದ ಮುಅದ್ದಿನ್ ಆಗಿದ್ದರು. ಪ್ರವಾದಿಯವರು (ಸ) ಊರಿನಿಂದ ಹೊರಗೆ ಹೋದಾಗ ಮದೀನಾದ ಹೊಣೆಯನ್ನು ಅವರಿಗೆ ಒಪ್ಪಿಸಿದ್ದೂ ಉಂಟು. ಅವರಿಗೆ ಸಿಕ್ಕಿದ್ದು ಬರೀ ಕನಿಕರವಲ್ಲ, ಜವಾಬ್ದಾರಿ.

ಹಾಗಾದರೆ ನಾವು ಏನು ಮಾಡಬಹುದು? ಮಹಡಿಯಲ್ಲಿ ನಡೆಯುವ ಸ್ಪರ್ಧೆಯನ್ನು ಕೆಳಗಿನ ಕೋಣೆಗೆ ತಂದರೆ ವೀಲ್‌ಚೇರಿನ ಮಗುವೂ ಬರುತ್ತದೆ. ದಫ್ ತಂಡದಲ್ಲಿ ಒಬ್ಬ ಕೂತು ಬಾರಿಸಿದರೆ ತಾಳ ತಪ್ಪುವುದಿಲ್ಲ. ಕಿವಿ ಮಂದವಿರುವ ಮಗುವನ್ನು ಮುಂದೆ ಕೂರಿಸಿ, ಮುಖ ನೋಡಿ ಮಾತಾಡಬೇಕು. ಕ್ವಿಝ್ ಪ್ರಶ್ನೆಯನ್ನು ಬೋರ್ಡಿನಲ್ಲೂ ಬರೆಯಬೇಕು. ಕಣ್ಣು ಕಾಣದ ಮಗುವಿಗೆ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಮನೆಯಲ್ಲೇ ಬಾಯಿಪಾಠ ಆಗುತ್ತದೆ. ರ‍್ಯಾಲಿಯ ಪೂರ್ತಿ ದಾರಿ ನಡೆಯಲಾಗದವರು ಕೊನೆಯ ತಿರುವಿನಲ್ಲಿ ಸೇರಿಕೊಳ್ಳಲಿ.

ಹೊರಗೆ ಕಾಣದ ಕಾಯಿಲೆಗಳೂ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ತಲಸೇಮಿಯಾ, ಹಿಮೋಫಿಲಿಯಾ ಕೂಡ ಸೇರಿವೆ. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿಗೆ ಓಡಾಟದಲ್ಲಿ ರಕ್ತದ ಸಕ್ಕರೆ ಇಳಿಯಬಹುದು. ಬೆವರಿ ನಡುಗಿದರೆ ತಕ್ಷಣ ಸಕ್ಕರೆ ಅಥವಾ ಜ್ಯೂಸ್ ಕೊಡಬೇಕು. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ. ದಮ್ಮು ಇರುವ ಮಗುವಿನ ಇನ್ಹೇಲರ್ ಮನೆಯ ಕಪಾಟಿನಲ್ಲಲ್ಲ, ಕಿಸೆಯಲ್ಲಿರಲಿ. ಇದನ್ನೆಲ್ಲ ತಾಯಿಯ ಹತ್ತಿರ ಮೊದಲೇ ಕೇಳಿ ತಿಳಿದುಕೊಳ್ಳಲು ಸಂಘದ ಒಬ್ಬರನ್ನು ನೇಮಿಸಬೇಕು.

"ಬೇಡ ಉಸ್ತಾದ್, ಜನ ನೋಡ್ತಾರೆ" ಅನ್ನುವ ಉಮ್ಮಂದಿರೂ ಇದ್ದಾರೆ. ಅವರಿಗೆ ಅಳುಕು ಸಹಜ. ಧೈರ್ಯ ತುಂಬಬೇಕಾದವರು ನಾವು. ಹಾಸಿಗೆ ಬಿಟ್ಟು ಏಳಲಾಗದ ಮಗು ಇದ್ದರೆ ತಂಡವೇ ಆ ಮನೆಗೆ ಹೋಗಿ ಒಂದು ಹಾಡು ಹಾಡಲಿ. ರೋಗಿಯ ಸಂದರ್ಶನ ಸುನ್ನತ್ ಅಲ್ವಾ?

ಈ ಸಲ ಪಟ್ಟಿ ಬರೆಯುವಾಗ, ಬಿಟ್ಟುಹೋಗುವ ಆ ಹೆಸರನ್ನೇ ಮೊದಲು ಬರೆಯೋಣ.