ಹೊಟ್ಟೆಗೂ ಒಂದು ಗಡಿಯಾರ: ಸೊನ್ನದ ಬೋಧನಾಭ್ಯಾಸದಲ್ಲಿ ಕಲಿತದ್ದು

ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಏಳನೆಯ ತರಗತಿಗೆ ‘ಪ್ರಾಣಿಗಳಲ್ಲಿ ಪೋಷಣೆ’ ಪಾಠ ಮಾಡುತ್ತಿದ್ದೆ. ಅದು ಎರಡನೆಯ ಪಿರಿಯಡ್. ಜೀರ್ಣಾಂಗಗಳ ಚಿತ್ರಪಟ ತೂಗುಹಾಕಿ ಪ್ರಶ್ನೆ ಕೇಳುವಾಗ ಹಿಂದಿನ ಸಾಲಿನ ಹುಡುಗನೊಬ್ಬ ತೂಕಡಿಸುತ್ತಿದ್ದ. ಎಬ್ಬಿಸಿ, ಗದರಿಸಿ, ಪಾಠ ಮುಗಿಯುವವರೆಗೆ ನಿಲ್ಲಿಸಿದೆ. ತರಗತಿ ನಿಯಂತ್ರಣಕ್ಕೆ ಒಳ್ಳೆಯ ಮಾತು ಬರಬಹುದು ಎಂದುಕೊಂಡಿದ್ದೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಆ ಹುಡುಗ ಯಾವಾಗ ಉಂಡಿದ್ದ, ಯಾವಾಗ ಮಲಗಿದ್ದ, ಕೇಳಿದಿರಾ?”

ಬಿಡುವಿನಲ್ಲಿ ಕೇಳಿದೆ.

“ರಾತ್ರಿ ಕರೆಂಟ್ ಬಂದಿತ್ರಿ ಸರ್. ಕಬ್ಬಿಗೆ ನೀರು ಬಿಡಾಕ ಅಪ್ಪನ ಸಂಗಟ ಹೊಲಕ್ಕ ಹೋಗಿದ್ದೆ. ಬಂದು ಉಣ್ಣೋದ್ರಾಗ ಹನ್ನೆರಡು ಆಗಿತ್ರಿ.”

“ಮುಂಜಾನಿ ಏನು ತಿಂದಿ?”

“ಚಾ ಕುಡದೀನ್ರಿ.”

ಜೀರ್ಣಾಂಗಗಳ ಹೆಸರು ಕಲಿಸುತ್ತಿದ್ದ ನನಗೆ, ಎದುರಿಗಿದ್ದ ಹೊಟ್ಟೆಯ ಸುದ್ದಿಯೇ ಗೊತ್ತಿರಲಿಲ್ಲ. ಆ ರಾತ್ರಿ ಓದಿಕೊಂಡು ಪಾಠಯೋಜನೆಯನ್ನು ಹೊಸದಾಗಿ ಬರೆದೆ.

ನಮ್ಮ ದೇಹದಲ್ಲಿ ಸುಮಾರು 24 ಗಂಟೆಗಳ ಲಯವೊಂದು ತಾನೇ ನಡೆಯುತ್ತದೆ. ಈ ಲಯವನ್ನು ಜೀವಕೋಶದೊಳಗೆ ನಡೆಸುವ ವಂಶವಾಹಿಗಳ ಕೆಲಸವನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕಲ್ ರೋಸ್ಬಾಶ್ ಮತ್ತು ಮೈಕಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮುಖ್ಯ ಗಡಿಯಾರ ಮೆದುಳಿನ ಹೈಪೋಥಲಾಮಸ್‌ನಲ್ಲಿದೆ. ಸುಮಾರು 20,000 ನರಕೋಶಗಳ ಆ ಗುಂಪು ಕಣ್ಣಿನ ಮೂಲಕ ಬರುವ ಬೆಳಕನ್ನು ನೋಡಿ ತನ್ನ ವೇಳೆ ಸರಿಪಡಿಸಿಕೊಳ್ಳುತ್ತದೆ.

ಆದರೆ ಗಡಿಯಾರ ಅದೊಂದೇ ಅಲ್ಲ. ಯಕೃತ್ತು, ಮೇದೋಜೀರಕ ಗ್ರಂಥಿ, ಕರುಳುಗಳಲ್ಲೂ ಇಂಥ ಗಡಿಯಾರಗಳಿವೆ. ಇವು ಊಟದ ಹೊತ್ತಿಗೂ ಕಿವಿಗೊಡುತ್ತವೆ. ಇಲಿಗಳು ರಾತ್ರಿ ತಿನ್ನುವ ಪ್ರಾಣಿಗಳು. ಅವುಗಳಿಗೆ ಹಗಲಿನಲ್ಲಷ್ಟೇ ಆಹಾರ ಕೊಟ್ಟಾಗ ಯಕೃತ್ತಿನ ಗಡಿಯಾರ ತಿರುಗಿತು, ಮೆದುಳಿನದು ತಿರುಗಲಿಲ್ಲ ಎಂದು 2000ದಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. 2017ರಲ್ಲಿ ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದವರು 10 ಜನ ಯುವಕರ ಊಟಗಳನ್ನೆಲ್ಲ 5 ಗಂಟೆ ಮುಂದಕ್ಕೆ ಹಾಕಿದರು. ರಕ್ತದ ಗ್ಲೂಕೋಸಿನ ಲಯ 5 ಗಂಟೆಗೂ ಹೆಚ್ಚು ಹಿಂದೆ ಬಿತ್ತು. ನಿದ್ದೆಯ ಹೊತ್ತನ್ನು ಸೂಚಿಸುವ ಮೆಲಟೋನಿನ್ನಿನ ಲಯ ಮಾತ್ರ ಇದ್ದಲ್ಲೇ ಇತ್ತು. ಅಂದರೆ ಒಂದೇ ಮೈಯಲ್ಲಿ ಎರಡು ವೇಳೆ. ರಾತ್ರಿ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿಯೂ ಬೆಳಗಿನಷ್ಟು ಇರುವುದಿಲ್ಲ. ಹೀಗಾಗಿ ಏನು ಉಂಡೆವು ಎಂಬುದರಷ್ಟೇ ಯಾವಾಗ ಉಂಡೆವು ಎಂಬುದೂ ಮುಖ್ಯ.

ಮರುದಿನ ಚಿತ್ರಪಟ ತರಲಿಲ್ಲ. ಎದ್ದದ್ದು, ನ್ಯಾಹರಿ, ಮಧ್ಯಾಹ್ನದ ಊಟ, ರಾತ್ರಿ ಊಟ, ಮಲಗಿದ್ದು ಎಂಬ ಐದು ಕಲಮುಗಳ ಕೋಷ್ಟಕ ಕೊಟ್ಟು, ಹೆಸರು ಬರೆಯದೆ ಒಂದು ವಾರ ತುಂಬಲು ಹೇಳಿದೆ. ಮಲಗಿದ ವೇಳೆಯ ಕಲಮು ಸೇರಿಸಿದ್ದು ಮಾರ್ಗದರ್ಶಕರ ಸಲಹೆ. ತೂಕಡಿಕೆಗೆ ನಿದ್ದೆಗೇಡು ಕಾರಣವೋ, ಖಾಲಿ ಹೊಟ್ಟೆಯೋ, ಎರಡೂ ಹೌದೋ ಎಂದು ಊಟದ ವೇಳೆ ಒಂದನ್ನೇ ನೋಡಿ ಹೇಳಲಾಗದು. ಒಂದು ಫಲಕ್ಕೆ ಹಲವು ಕಾರಣ ಇರಬಹುದು ಎಂಬ ವಿಜ್ಞಾನದ ಪಾಠ ಮಕ್ಕಳಿಗಿಂತ ಮೊದಲು ನನಗಾಯಿತು.

ವಾರದ ಕೊನೆಗೆ ಎಲ್ಲ ವೇಳೆಗಳನ್ನೂ ಕಪ್ಪುಹಲಗೆಯ ಮೇಲೆ ಚುಕ್ಕಿಗಳಾಗಿ ಇಟ್ಟೆವು. ನ್ಯಾಹರಿಯ ಚುಕ್ಕಿಗಳು ಚೆಲ್ಲಾಪಿಲ್ಲಿ, ರಾತ್ರಿ ಊಟದವು ಇನ್ನೂ ಹೆಚ್ಚು. ಒಬ್ಬ ಹುಡುಗಿ ಎದ್ದು ಹೇಳಿದಳು: “ಸರ್, ಬಿಸಿಯೂಟದ್ದಷ್ಟೇ ಎಲ್ಲಾರದೂ ಒಂದೇ ಟೈಮ್ ಐತ್ರಿ. ಐತವಾರ ಅದೂ ಇಲ್ರಿ.”

ನಾನು ಯೋಜನೆಯಲ್ಲಿ ಬರೆಯದಿದ್ದ ತೀರ್ಮಾನ ಅದು. ಅಕ್ಷರ ದಾಸೋಹ 2002-03ರಲ್ಲಿ ಮೊದಲು ಆರಂಭವಾದದ್ದು ನಮ್ಮ ಕಲಬುರಗಿಯೂ ಸೇರಿದಂತೆ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. ಅದನ್ನು ಹೊಟ್ಟೆ ತುಂಬಿಸುವ ಯೋಜನೆ ಎಂದಷ್ಟೇ ತಿಳಿದಿದ್ದೆ. ಮಕ್ಕಳ ದಿನದಲ್ಲಿ ತಪ್ಪದೆ ಬರುವ ಒಂದು ವೇಳೆಯೂ ಅದೇ. ಊಟದ ಗಂಟೆ ತಡವಾದರೆ ಬರೀ ವೇಳಾಪಟ್ಟಿ ಕೆಡುವುದಿಲ್ಲ.

ಪ್ರಶಿಕ್ಷಣಾರ್ಥಿ ಗೆಳೆಯರಿಗೆ ಎರಡು ಮಾತು. ‘ಎಂಟಕ್ಕೆ ಉಣ್ಣಿರಿ’ ಎಂದು ಮಕ್ಕಳಿಗೆ ಉಪದೇಶ ಮಾಡಬೇಡಿ. ಕರೆಂಟು ಬರುವ ಹೊತ್ತು, ತಾಯಿ ಕೂಲಿಗೆ ಹೋಗುವ ಹೊತ್ತು ಮಕ್ಕಳ ಕೈಯಲ್ಲಿಲ್ಲ. ರಾತ್ರಿಯ ರೊಟ್ಟಿ, ಶೇಂಗಾ ಹಿಂಡಿ ಉಳಿದಿದ್ದರೆ ಚಾದ ಜೊತೆಗೆ ಅದನ್ನೂ ತಿಂದು ಬಾ ಎನ್ನಬಹುದು, ಅಷ್ಟೆ. ಎರಡನೆಯದು, ತೂಕಡಿಸುವ ಮಗುವನ್ನು ನಿಲ್ಲಿಸುವ ಮೊದಲು ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿ: ಯಾವಾಗ ಉಂಡಿ, ಯಾವಾಗ ಮಲಗಿದಿ?

ಆ ಹುಡುಗನಿಗೆ ತಪ್ಪಾಯಿತೆಂದು ಹೇಳಿದೆ. ಕೋಷ್ಟಕದ ಗೆರೆ ಹಾಕಿಕೊಟ್ಟವನು ಅವನೇ.