ಇವರು ಯಾರು, ಇದು ಯಾವ ಓಣಿ?

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಮೇಯರ್ ಡೇವಿಡ್ ಲಾರೆನ್ಸ್ ಈ ಛಾಯಾಗ್ರಾಹಕರಿಗೆ ಇಟ್ಟಿದ್ದ ಅಡ್ಡಹೆಸರು ‘ಒನ್ ಶಾಟ್’. ಉಳಿದವರು ಮೇಲಿಂದ ಮೇಲೆ ಕ್ಲಿಕ್ಕಿಸುತ್ತಿದ್ದರೆ ಚಾರ್ಲ್ಸ್ ‘ಟೀನಿ’ ಹ್ಯಾರಿಸ್ ಒಂದೇ ಚಿತ್ರ ತೆಗೆದು ಹೊರಟುಬಿಡುತ್ತಿದ್ದರು. ಆಗಿನ ಫ್ಲ್ಯಾಶ್ ಬಲ್ಬು ಒಮ್ಮೆ ಹೊತ್ತಿದರೆ ಮುಗಿಯಿತು. ಕೈ ಬಿಗಿಹಿಡಿಯುವುದೂ ಕಲೆಯಾಗುವುದುಂಟು.

1908ರಲ್ಲಿ ಹುಟ್ಟಿದ ಹ್ಯಾರಿಸ್ ದಶಕಗಳ ಕಾಲ ದುಡಿದದ್ದು ಕಪ್ಪು ಜನರ ಹೆಸರಾಂತ ಪತ್ರಿಕೆ ‘ಪಿಟ್ಸ್‌ಬರ್ಗ್ ಕೊರಿಯರ್’ಗೆ. ಅವರ ಓಡಾಟ ಹೆಚ್ಚಾಗಿ ಹಿಲ್ ಡಿಸ್ಟ್ರಿಕ್ಟ್ ಬಡಾವಣೆಯಲ್ಲಿ. ಲೀನಾ ಹಾರ್ನ್, ಡ್ಯೂಕ್ ಎಲಿಂಗ್ಟನ್, ಮಾರ್ಟಿನ್ ಲೂಥರ್ ಕಿಂಗ್ ಎಲ್ಲರೂ ಆ ಕ್ಯಾಮೆರಾಕ್ಕೆ ಸಿಕ್ಕವರೇ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಬೇರೆ ಚಿತ್ರಗಳು: ಮದುವೆ, ಕ್ಷೌರದಂಗಡಿ, ಚರ್ಚಿಗೆ ಬಂದ ಮಂದಿ, ಬೇಸ್‌ಬಾಲ್ ತಂಡ, ಬೀದಿಯಲ್ಲಿ ಆಡುವ ಮಕ್ಕಳು. ಬಡತನ ಹುಡುಕಿಕೊಂಡು ಹೊರಗಿನಿಂದ ಬಂದವನಿಗೆ ಈ ಮುಖಗಳು ಹೀಗೆ ಅರಳುತ್ತಿರಲಿಲ್ಲ. ತಮ್ಮ ಓಣಿಯವನೇ ಎದುರಿಗಿದ್ದಾನೆ ಎಂಬ ಸಲಿಗೆ ಅವುಗಳಲ್ಲಿ ಕಾಣುತ್ತದೆ.

1950ರ ದಶಕದಲ್ಲಿ ನಗರ ನವೀಕರಣದ ಹೆಸರಿನಲ್ಲಿ ಆ ಬಡಾವಣೆಯ ಕೆಳಭಾಗವನ್ನೇ ನೆಲಸಮ ಮಾಡಿದರು. ಸುಮಾರು 8,000 ಜನ ಮನೆ ಬಿಡಬೇಕಾಯಿತು. ಅಲ್ಲಿ 1961ರಲ್ಲಿ ಸಿವಿಕ್ ಅರೀನಾ ಎಂಬ ಕ್ರೀಡಾಂಗಣ ಎದ್ದಿತು. ಅರ್ಧ ಶತಮಾನ ಕಳೆದ ಮೇಲೆ ಅದನ್ನೂ ಕೆಡವಿದರು! ಹಳೆಯ ಬೀದಿಗಳು ಉಳಿದದ್ದು ಹ್ಯಾರಿಸ್ ಅವರ ನೆಗೆಟಿವ್‌ಗಳಲ್ಲಿ.

ಅವರು 1998ರಲ್ಲಿ ತೀರಿಕೊಂಡರು. 2001ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಕಲಾ ಸಂಗ್ರಹಾಲಯ ಅವರ ಸುಮಾರು 80,000 ನೆಗೆಟಿವ್‌ಗಳನ್ನು ಕೊಂಡಿತು. ಬಹುಪಾಲು ಚಿತ್ರಗಳಿಗೆ ಹೆಸರಿಲ್ಲ, ತಾರೀಖಿಲ್ಲ. ಸಂಗ್ರಹಾಲಯದವರು ಜಾಣತನ ತೋರಿದರು. ತಜ್ಞರನ್ನಷ್ಟೇ ನೆಚ್ಚಿಕೊಳ್ಳದೆ ಚಿತ್ರಗಳನ್ನು ಊರಿನವರ ಮುಂದಿಟ್ಟು, ಇವರು ಯಾರು, ಇದು ಯಾವ ಓಣಿ ಎಂದು ವಿಚಾರಿಸಿದರು. ಹಿರಿಯರ ನೆನಪಿನಿಂದ ಒಂದೊಂದಾಗಿ ಹೆಸರುಗಳು ಸೇರಿಕೊಂಡವು. ತೆಗೆದವರು ಹ್ಯಾರಿಸ್ ಆದರೂ ಆ ಚಿತ್ರಗಳನ್ನು ಇತಿಹಾಸವಾಗಿಸಿದವರು ಈ ಹಿರಿಯರು ಎಂದೇ ನನ್ನ ಎಣಿಕೆ.

ನಿಮ್ಮ ಮನೆಯ ಆಲ್ಬಮ್ಮನ್ನೂ ಅಜ್ಜಿ ಮುಖ ಗುರುತಿಸುತ್ತಿರುವಾಗಲೇ ಹೊರತೆಗೆಯಿರಿ. ಫೋಟೊ ಹಿಂಬದಿಯಲ್ಲಿ ಹೆಸರು, ಊರು ಬರೆದಿಡಿ. ಮೆತ್ತನೆಯ ಪೆನ್ಸಿಲ್ ಇರಲಿ. ಬಾಲ್‌ಪೆನ್ ಒತ್ತಿದರೆ ಮುಂಬದಿಗೆ ಗೆರೆ ಮೂಡುತ್ತದೆ. ಊರಿನ ಹಳೆಯ ಸ್ಟುಡಿಯೊ ಮುಚ್ಚುತ್ತಿದೆ ಎಂದು ಕಿವಿಗೆ ಬಿದ್ದರೆ, ನೆಗೆಟಿವ್ ಡಬ್ಬಗಳು ಗುಜರಿ ಸೇರುವ ಮೊದಲೇ ಹೋಗಿ ಕೇಳಿ.