ಕತ್ತಿಗೆ ಬಿದ್ದ ಪೆಟ್ಟು, ತಡವಾಗಿ ಹೊಡೆಯುವ ಲಕ್ವ

ಕ್ಷೌರ ಮುಗಿದ ಮೇಲೆ ಗದ್ದ ಹಿಡಿದು, ಕತ್ತನ್ನು ಗಕ್ಕನೆ ತಿರುವಿ ನೆಟಿಗೆ ಮುರಿಯುವುದು ನಮ್ಮ ಸಲೂನುಗಳ ಬಿಟ್ಟಿ ಸೇವೆ. 2024ರಲ್ಲಿ ಬಳ್ಳಾರಿ ಮೂಲದ ಯುವಕನೊಬ್ಬನಿಗೆ ಈ ಸೇವೆಯಾದ ಕೆಲವೇ ಗಂಟೆಗಳಲ್ಲಿ ಮಾತು ನಿಂತು, ಎಡಭಾಗ ಸೋತುಹೋದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅವನ ಕ್ಯಾರೋಟಿಡ್ ರಕ್ತನಾಳ ಸೀಳಿತ್ತು.

ಗಂಟಲ ಪಕ್ಕಕ್ಕೆ ಬೆರಳಿಟ್ಟರೆ ಮಿಡಿಯುವುದು ಇದೇ ನಾಳ. ಬಲಕ್ಕೊಂದು, ಎಡಕ್ಕೊಂದು, ಮಿದುಳಿನ ಮುಂಭಾಗಕ್ಕೆ ರಕ್ತ ಹೋಗುವುದು ಇವುಗಳಿಂದ. (ಹಿಂಭಾಗದ್ದು ವರ್ಟಿಬ್ರಲ್ ನಾಳಗಳ ಪಾಲು. 2014ರಲ್ಲಿ ಸಿಡ್ನಿಯಲ್ಲಿ ಬೌನ್ಸರ್ ಬಡಿದು ಕ್ರಿಕೆಟಿಗ ಫಿಲಿಪ್ ಹ್ಯೂಸ್ ತೀರಿಕೊಂಡದ್ದು ಅಂಥ ನಾಳವೊಂದು ಸೀಳಿ. ಅಲ್ಲಿ ಆದದ್ದು ಮಿದುಳಿನ ಸುತ್ತ ರಕ್ತಸ್ರಾವ.)

ನಾಳದ ಗೋಡೆಗೆ ಮೂರು ಪದರ. ಕತ್ತು ತಿರುಚಿದಾಗ ಅಥವಾ ಜಗ್ಗಿದಾಗ ಒಳಪದರ ಹರಿದರೆ, ರಕ್ತ ಪದರಗಳ ನಡುವೆ ನುಗ್ಗುತ್ತದೆ; ತೇವ ಹೊಕ್ಕ ಗೋಡೆಯ ಬಣ್ಣದಂತೆ ಒಳಪದರ ಉಬ್ಬಿ ದಾರಿ ಕಿರಿದಾಗುತ್ತದೆ. ಅದಕ್ಕಿಂತ ಅಪಾಯದ್ದು ಹರಿದ ಜಾಗದಲ್ಲಿ ಕಟ್ಟುವ ಹೆಪ್ಪು. ಅದರ ಚೂರೊಂದು ಕಿತ್ತು ಹೋಗಿ ಮಿದುಳಿನ ನಾಳಕ್ಕೆ ಅಡ್ಡ ಕೂತರೆ ಲಕ್ವ. ಹೆಪ್ಪು ಕಟ್ಟಲು ಹೊತ್ತು ಬೇಕಲ್ಲ? ಹಾಗಾಗಿ ಪೆಟ್ಟಿಗೂ ಲಕ್ವಕ್ಕೂ ನಡುವೆ ಗಂಟೆಗಳು, ದಿನಗಳು, ಕೆಲವೊಮ್ಮೆ ವಾರಗಳೇ ಕಳೆಯುತ್ತವೆ. ಬೈಕಿನ ಚಕ್ರಕ್ಕೆ ದುಪಟ್ಟಾ ಸಿಕ್ಕಿ ಕತ್ತು ಬಿಗಿದವರು, ಸೀಟ್ ಬೆಲ್ಟ್ ಕತ್ತಿಗೆ ಒತ್ತಿದವರು, ಯಾರಿಂದಲೋ ಕುತ್ತಿಗೆ ಹಿಸುಕಿಸಿಕೊಂಡವರು ಮೇಲೆ ಗಾಯವಿಲ್ಲವೆಂದು ಮನೆಗೆ ಹೋಗಿಬಿಡುತ್ತಾರೆ. ಹಿಸುಕಿದ್ದನ್ನಂತೂ ಎಷ್ಟೋ ಹೆಂಗಸರು ವೈದ್ಯರಿಗೂ ಹೇಳುವುದಿಲ್ಲ.

ಸೂಚನೆ ಇರುವುದುಂಟು. ಕತ್ತಿನ ಒಂದೇ ಪಕ್ಕ ನೋವು, ಹಿಂದೆಂದೂ ಕಾಣದಂಥ ತಲೆನೋವು, ಕಿವಿಯಲ್ಲಿ ನಾಡಿಯ ಸದ್ದು. ಎಲ್ಲಕ್ಕಿಂತ ವಿಚಿತ್ರವಾದದ್ದು ಕಣ್ಣಿನದು: ಆ ಪಕ್ಕದ ರೆಪ್ಪೆ ಜೋತು, ಪಾಪೆ ಕಿರಿದಾಗುತ್ತದೆ. ಕಣ್ಣಿಗೆ ಹೋಗುವ ಕೆಲವು ನರದ ಎಳೆಗಳು ಇದೇ ನಾಳಕ್ಕೆ ಸುತ್ತಿಕೊಂಡು ಮೇಲೇರುವುದರಿಂದ, ಗೋಡೆ ಉಬ್ಬಿದರೆ ಅವೂ ನಲುಗುತ್ತವೆ. ಸ್ವಿಸ್ ವೈದ್ಯ ಹಾರ್ನರ್ 1869ರಲ್ಲಿ ವಿವರಿಸಿದ ಲಕ್ಷಣವಿದು. ಪೆಟ್ಟಿನ ನಂತರ ಇದು ಕಂಡರೆ ನಾಳೆ ನೋಡೋಣ ಎನ್ನುವಂತಿಲ್ಲ. ಸಿಟಿ ಆಂಜಿಯೋಗ್ರಾಮ್‌ನಲ್ಲಿ ಸೀಳು ಗೊತ್ತಾಗುತ್ತದೆ.

ಎಲ್ಲ ಲಕ್ವಗಳಲ್ಲಿ ಕತ್ತಿನ ನಾಳ ಸೀಳಿ ಬರುವಂಥವು ನೂರಕ್ಕೆ ಸುಮಾರು ಎರಡು ಮಾತ್ರ, ಆದರೆ ಐವತ್ತರೊಳಗಿನವರಲ್ಲಿ ಇದೊಂದು ಮುಖ್ಯ ಕಾರಣ. ನೆಟಿಗೆ ಮುರಿಸಿಕೊಂಡವರಲ್ಲಿ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ, ನಿಜ. ಲಾಭವೂ ಇಲ್ಲದ ಕೆಲಸಕ್ಕೆ ಅಷ್ಟು ಅಪಾಯವೂ ದುಬಾರಿಯೇ.

ಚಿಕಿತ್ಸೆ ಹೆಚ್ಚಾಗಿ ಮಾತ್ರೆಯದೇ. ಆಸ್ಪಿರಿನ್‌ನಂಥದ್ದು ಮೇಲೋ, ಹೆಪ್ಪುರೋಧಕ ಮೇಲೋ ಎಂದು 250 ರೋಗಿಗಳಲ್ಲಿ ಹೋಲಿಸಿ ನೋಡಿದ ಕ್ಯಾಡಿಸ್ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಹಳಷ್ಟು ಸೀಳುಗಳು ಮೂರರಿಂದ ಆರು ತಿಂಗಳಲ್ಲಿ ತಾವಾಗಿಯೇ ಕೂಡಿಕೊಳ್ಳುತ್ತವೆ. ಆಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಮಾತ್ರೆ ಮುಂದುವರಿಸಬೇಕೇ ಎಂದು ವೈದ್ಯರು ತೀರ್ಮಾನಿಸುತ್ತಾರೆ.